ಬೇಲಿಯಂಚಿನ ಓಟಿನ ಡಬ್ಬಿ

"ಇನ್ನು ಮುಂದೆ ನನ್ನ ಮಗಳ ಹೆಸರು ಈ ಡಬ್ಬಿಯೊಳಗೆ ಬೀಳಲ್ಲ. ನಮ್ಮವ್ವನ ಹೆಸರು ಮುಟ್ಟಿ ಹೇಳ್ತಿದೀನಿ."

ಹದಿಮೂರು ವರ್ಷಗಳ ಹಿಂದೆ, ಮೆಲ್ಬರ್ನ್ ನಗರದ ಪಶ್ಚಿಮದ ತುದಿಯಲ್ಲಿರುವ ಒಂದು ಆಟದ ಮೈದಾನದಲ್ಲಿ, ಕೊಟ್ರೇಶ ಎಂಬ ಬಸ್ ಡ್ರೈವರು ನನ್ನ ಮುಚ್ಚಳದ ಮೇಲೆ ಅಂಗೈಯಿಟ್ಟು ಈ ಮಾತು ಕೊಟ್ಟ. ಆ ಅಂಗೈಯ ಬಿಸಿ ನನಗಿನ್ನೂ ನೆನಪಿದೆ.

ನಾನು ಒಂದು ಸ್ಟೀಲ್ ಡಬ್ಬಿ. ಮೊದಲು ತಗಡಾಗಿದ್ದೆ. ಒಂದು ಯಂತ್ರ ನನ್ನನ್ನು ಒತ್ತಿ ದುಂಡಗೆ ಮಾಡಿತು, ಇನ್ನೊಂದು ಉಜ್ಜಿ ಹೊಳಪು ಕೊಟ್ಟಿತು. ದಾವಣಗೆರೆಯ ಪಾತ್ರೆ ಅಂಗಡಿಯೊಂದರ ಮೇಲಿನ ಹಲಗೆಯ ಮೇಲೆ ಕೂತು ಜನರ ನೆತ್ತಿಗಳನ್ನು ನೋಡುತ್ತಾ ಕೆಲವು ತಿಂಗಳು ಕಳೆದೆ. ಜನರನ್ನು ಮೇಲಿಂದ ನೋಡಿದ್ದು ಆಗ ಮಾತ್ರ. ಆಮೇಲೆಲ್ಲಾ ಕೆಳಗಿನಿಂದಲೇ.

ನನ್ನನ್ನು ಕೊಂಡವಳು ಹಾಲಮ್ಮ. ಮಂಡಕ್ಕಿ ಅಂಗಡಿ ನಡೆಸುವ ಗಟ್ಟಿ ಹೆಂಗಸು. ಕೊಂಡವಳೇ, "ಮುಚ್ಚಳದ ಮ್ಯಾಲೆ ಹೆಸರು ಹಾಕಪ್ಪಾ. ಇಲ್ಲಾಂದ್ರೆ ಮದುವೆ ಮನೇಲಿ ಯಾರೋ ಎತ್ಕೊಂಡು ಹೋಗ್ತಾರೆ," ಎಂದಳು. ಅಂಗಡಿಯವನು ಗುಂಯ್ ಎನ್ನುವ ಸೂಜಿಯಂಥ ಯಂತ್ರ ತಂದು ನನ್ನ ಮೇಲೆ ಮೂರಕ್ಷರ ಕೊರೆದ. ನೋವಾಗಲಿಲ್ಲ, ಕಚಗುಳಿಯಾಯಿತು. ಆ ಮೂರಕ್ಷರ ಬಿಟ್ಟರೆ ನನಗೆ ಇವತ್ತಿಗೂ ಬೇರೇನೂ ಓದಲು ಬರುವುದಿಲ್ಲ.

ಮಗ ಕೊಟ್ರೇಶ ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ಆಸ್ಟ್ರೇಲಿಯಾಕ್ಕೆ ಹೊರಟಾಗ ಹಾಲಮ್ಮ ನನ್ನ ತಳಕ್ಕೆ ಹಳೆಯ ಪೇಪರಿನ ಹಾಳೆಯನ್ನು ದುಂಡಗೆ ಕತ್ತರಿಸಿ ಹಾಸಿದಳು. ಅದರ ಮೇಲೆ ಕಂಠಮಟ ಚಕ್ಕುಲಿ ತುಂಬಿದಳು. ಚಕ್ಕುಲಿ ಹದಿನೈದು ದಿನಕ್ಕೆ ಮುಗಿಯಿತು. ಹಾಳೆ ಉಳಿಯಿತು. ಕೊಟ್ರೇಶನ ಹೆಂಡತಿ ಶಾಂಭವಿ ಹಬ್ಬ ಬಂದಾಗಲೆಲ್ಲಾ ಹೊಸ ಚಕ್ಕುಲಿ ತುಂಬುವಾಗ, "ರೀ, ಈ ಪೇಪರ್ ಎಷ್ಟು ಎಣ್ಣೆ ಕುಡಿದೈತೆ ನೋಡ್ರಿ, ಎಸೆದುಬಿಡ್ಲಾ?" ಎನ್ನುತ್ತಿದ್ದಳು. "ಇರ್ಲಿ ಬಿಡು. ಅವ್ವ ಹಾಸಿದ್ದು," ಎಂದು ಅವನು ಅಷ್ಟಕ್ಕೇ ಮಾತು ಮುಗಿಸುತ್ತಿದ್ದ.

ಕೂಸಿನ ಹೆಸರು ಇಂಚರಾ. ಹನ್ನೊಂದು ತುಂಬುವಷ್ಟರಲ್ಲಿ ಅವಳು ಅಲ್ಲಿಯ ಫುಟ್‌ಬಾಲ್ ತಂಡ ಸೇರಿದಳು. ಇದು ನಮ್ಮೂರಿನ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯಾಕಾರ, ಮೈದಾನವೂ ಮೊಟ್ಟೆಯಾಕಾರ. ಎರಡು ತುದಿಗೂ ನಾಲ್ಕು ನಾಲ್ಕು ಕಂಬ. ಕಾಲಿನಿಂದ ಒದೆಯಬಹುದು, ಕೈಯಿಂದ ಹಿಡಿಯಬಹುದು. ಗಾಳಿಯಲ್ಲಿ ಹಾರಿ ಚೆಂಡು ಹಿಡಿದವಳಿಗೆ ಚಪ್ಪಾಳೆ, ನಡುವಿನ ಎರಡು ಕಂಬಗಳ ಮಧ್ಯೆ ಒದ್ದವಳಿಗೆ ಜೈಕಾರ. ಇಂಚರಾ ಇವೆರಡನ್ನೂ ಮಾಡುತ್ತಿರಲಿಲ್ಲ. ಅವಳದು ಹಿಂದೆ ನಿಂತು ಕಾಯುವ ಕೆಲಸ. ಎದುರು ತಂಡದವಳು ಚೆಂಡು ಹಿಡಿಯಲು ಹಾರಿದಾಗ ತಾನೂ ಹಾರಿ, ಮುಷ್ಟಿಯಿಂದ ಆ ಚೆಂಡನ್ನು ಗುದ್ದಿ ಆಚೆ ಹಾಕಬೇಕು. ಚೆನ್ನಾಗಿ ಮಾಡಿದರೆ ಅಲ್ಲೇನೂ ಆಗಿಲ್ಲವೆಂಬಂತೆ ಕಾಣುತ್ತದೆ. ಆಗದೇ ಹೋದದ್ದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಆ ತಂಡಕ್ಕೆ ಗೆಲುವು ಅಪರೂಪ. ಗೆದ್ದ ದಿನ ಮೈದಾನದ ಬೇಲಿಯಂಚಿಗೆ ನಿಂತು ನೋಡುವ ಅಭಿಮಾನಿಗಳು ಸೇರಿ ಆಟಗಾರ್ತಿಯರನ್ನು ಅಳೆಯುತ್ತಿದ್ದರು. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಮೂರು ಹೆಸರು ಬರೆಯಬೇಕು. ಚೆನ್ನಾಗಿ ಆಡಿದವಳಿಗೆ ಮೂರು ಓಟು, ಅವಳ ನಂತರದವಳಿಗೆ ಎರಡು, ಆಮೇಲಿನವಳಿಗೆ ಒಂದು. ಚೀಟಿ ಓದುವವಳು ನೋರ್ಮಾ ಎಂಬ ಎಪ್ಪತ್ತು ದಾಟಿದ ಮುದುಕಿ. ಸೋತ ದಿನ ಓಟಿಲ್ಲ. "ಸೋತವರ ಬಗ್ಗೆ ಮನೆಗೆ ಹೋಗಿ ಮಾತಾಡಿಕೊಳ್ಳಿ," ಎನ್ನುವುದು ಅವಳ ಕಾನೂನು. ಅವಳ ಇಂಗ್ಲಿಷನ್ನು ನನಗೆ ತಿಳಿದಂತೆ ಹೇಳುತ್ತಿದ್ದೇನೆ.

ಇಂಚರಾ ಸೇರಿದ ಮೇಲಿನ ಮೊದಲ ಗೆಲುವಿನ ದಿನ ಗಾಳಿ ವಿಪರೀತ. ನೋರ್ಮಾಳ ಟೋಪಿಯಲ್ಲಿದ್ದ ಚೀಟಿಗಳು ಹಾರಿ ಚೆಲ್ಲಾಪಿಲ್ಲಿಯಾದವು. ಶಾಂಭವಿ ತುಂಬಿಕೊಟ್ಟಿದ್ದ ಚಕ್ಕುಲಿ ಅಷ್ಟರಲ್ಲಿ ಬೇಲಿಯವರ ಹೊಟ್ಟೆ ಸೇರಿತ್ತು. ಖಾಲಿಯಾಗಿದ್ದ ನನ್ನನ್ನು ನೋರ್ಮಾ ಎತ್ತಿಕೊಂಡಳು. ಹಾಗೆ ನಾನು ಓಟಿನ ಡಬ್ಬಿಯಾದೆ.

ಅವಳು ನನ್ನಿಂದ ಎತ್ತಿದ ಮೊದಲ ಚೀಟಿಯೇ ಕೊಟ್ರೇಶನದು. "ಮೂರು, ಇಂಚರಾ. ಎರಡು, ಇಂಚರಾ." ನೋರ್ಮಾ ಕನ್ನಡಕ ಸರಿಮಾಡಿಕೊಂಡಳು. "ಒಂದು... ಅದೂ ಇಂಚರಾ."

ನಗು ಭುಗಿಲ್ಲೆಂದಿತು. ಧಾರವಾಡದ ವಾಮನರಾಯ ಎಲ್ಲರಿಗಿಂತ ಜೋರಾಗಿ ನಕ್ಕ. ಅವನಿಗೆ ಮಕ್ಕಳಿಲ್ಲ. ಆಟದ ಹುಚ್ಚಿಗೆ ಬರುತ್ತಿದ್ದವನು. "ಏನೋ ಕೊಟ್ರೇಶಾ, ಉಳಿದ ಹದಿನೇಳು ಮಂದಿ ಏನ್ ಚಕ್ಕುಲಿ ತಿನ್ನಾಕ ಬಂದಿದ್ರೇನು? ನಿನ್ನ ಮಗಳು ಒಬ್ಬಾಕಿನ ಆಡಿ ಗೆದ್ದಾಳ ನೋಡ್ರಿ!"

ಬೂಟಿನ ದಾರ ಬಿಚ್ಚುತ್ತಾ ಅಲ್ಲೇ ಕೂತಿದ್ದ ಇಂಚರಾಳ ಮುಖ ಕೆಂಪಾಯಿತು. ಗೆಳತಿಯರೆಲ್ಲಾ ನಗುತ್ತಿದ್ದರು. ಅವಳು ಎದ್ದು ಅಪ್ಪನ ಅಂಗಿ ಜಗ್ಗಿ, "ಅಪ್ಪಾ, ಪ್ಲೀಸ್, ನೀನು ನನ್ ಬಗ್ಗೆ ಏನೂ ಹೇಳಬೇಡ. ಯಾವತ್ತೂ ಹೇಳಬೇಡ," ಎಂದು ಅತ್ತುಬಿಟ್ಟಳು.

ಆಗ ಕೊಟ್ರೇಶ ನನ್ನ ಮುಚ್ಚಳ ಹಾಕಿ, ತಾಯಿಯ ಹೆಸರಿನ ಮೇಲೆ ಅಂಗೈಯಿಟ್ಟು, ಆ ಮಾತು ಕೊಟ್ಟ. ಕನ್ನಡದಲ್ಲೇ ಕೊಟ್ಟ. ವಾಮನರಾಯ ಅದನ್ನು ನೋರ್ಮಾಳಿಗೆ ಇಂಗ್ಲಿಷಿನಲ್ಲಿ ಹೇಳುವಾಗ ಅವನ ನಗು ನಿಂತಿತ್ತು. ಅಂದಿನಿಂದ ಅದು ಎಲ್ಲರಿಗೂ ಕಾನೂನಾಯಿತು: ತಮ್ಮ ಮಕ್ಕಳಿಗೆ ತಾವು ಓಟು ಹಾಕುವಂತಿಲ್ಲ.

ಮೈದಾನದ ಕೈಗಳು ಮುಟ್ಟಿದ ಡಬ್ಬಿಗೆ ಇನ್ನು ತಿಂಡಿ ತುಂಬುವುದಿಲ್ಲವೆಂದು ಶಾಂಭವಿ ಖಡಾಖಂಡಿತವಾಗಿ ಹೇಳಿದಳು. ನನ್ನ ವಾಸ ಕಾರಿನ ಡಿಕ್ಕಿಗೆ ಬದಲಾಯಿತು. ಬೇಲಿಯವರು ನನ್ನನ್ನು ಹೆಸರು ಹಿಡಿದೇ ಕರೆಯತೊಡಗಿದರು. "ಹಾಲಮ್ಮ ಎಲ್ಲಿ? ಹಾಲಮ್ಮನನ್ನು ತನ್ನಿ!" ಎಂದು ನೋರ್ಮಾ ಕೂಗಿದರೆ ದೂರದ ದಾವಣಗೆರೆಯ ಆ ಹೆಂಗಸಿಗೆ ಬಿಕ್ಕಳಿಕೆ ಬರುತ್ತಿತ್ತೋ ಏನೋ. ನನಗಂತೂ ಎಳ್ಳು, ಓಂಕಾಳು, ಬಿಸಿ ಎಣ್ಣೆಯ ವಾಸನೆ ನೆನಪಾಗುತ್ತಿತ್ತು.

ಕೊಟ್ರೇಶ ನಸುಕಿನ ಬಸ್ಸು ಕೇಳಿ ಪಡೆಯುತ್ತಿದ್ದ. ನಾಲ್ಕಕ್ಕೆ ಕೆಲಸ ಹಿಡಿದರೆ ಆಟದ ಹೊತ್ತಿಗೆ ಬಿಡುವು. ಸಮವಸ್ತ್ರದಲ್ಲೇ ಬರುತ್ತಿದ್ದ, ಕಣ್ಣು ಕೆಂಡ. ನನ್ನನ್ನು ಕಂಕುಳಲ್ಲಿ ಇರುಕಿಕೊಳ್ಳುತ್ತಿದ್ದ. ಆಟದ ಪ್ರತಿ ಪಾಳಿಗೂ ತಂಡಗಳು ತುದಿ ಬದಲಿಸುತ್ತವೆ. ನಮ್ಮವರು ಗೋಲು ಹೊಡೆಯುವ ತುದಿಗೆ ಬೇಲಿಯವರೆಲ್ಲಾ ಸರಿಯುತ್ತಿದ್ದರು. ಕೊಟ್ರೇಶ ಮಾತ್ರ ಅವರಿಗೆ ಬೆನ್ನು ಹಾಕಿ, ನಮ್ಮವರು ಗೋಲು ತಡೆಯುವ ತುದಿಗೆ ನಡೆಯುತ್ತಿದ್ದ. ಸಿಗರೇಟಿಗೆ ಹೋಗುತ್ತಾನೆಂದು ನೋರ್ಮಾ ತಿಳಿದಿದ್ದಳು. ಅವನು ಸಿಗರೇಟು ಸೇದುವವನೇ ಅಲ್ಲ. ಕಂಬಗಳ ಹಿಂದೆ ನಿಂತು ತುಟಿ ಅಲ್ಲಾಡಿಸುತ್ತಾ ಏನನ್ನೋ ಎಣಿಸುತ್ತಿದ್ದ.

ಗೆದ್ದ ದಿನದ ಮಾತಿನ ರುಚಿಯೇ ಬೇರೆ.

"ಟೆಸ್‌ಗೆ ಮೂರು," ಎನ್ನುತ್ತಿದ್ದಳು ನೋರ್ಮಾ. ಕೆಂಪು ಕೂದಲಿನ ಟೆಸ್ ತಂಡದಲ್ಲಿ ಹೆಚ್ಚು ಗೋಲು ಹೊಡೆಯುವವಳು.

"ಟೆಸ್‌ಗ ಯಾಕ?" ವಾಮನರಾಯ ಇಂಗ್ಲಿಷಿನಲ್ಲಿ ಒಂದು ಸಲ ವಾದಿಸಿ, ಸಾಲದೆ ಕೊಟ್ರೇಶನ ಕಡೆ ತಿರುಗುತ್ತಿದ್ದ. "ಗೋಲ್ ಹೊಡದ್ಲು, ಖರೆ. ಆದ್ರ ಚೆಂಡು ಸಿಕ್ರ ಯಾರಿಗೂ ಕೊಡಂಗಿಲ್ಲಪಾ ಆಕಿ. ಪಂಕ್ತಿಯೊಳಗ ಕೂತು ಹೋಳಿಗಿ ಪಾತ್ರಿ ತನ್ನ ಮುಂದ ಇಟ್ಕೊಳ್ಳೋ ಪೈಕಿ."

"ಹೋಳಿಗೆ ಮಾಡಿದೋಳೂ ಅವಳೇ ಅಲ್ವೇನಪ್ಪಾ? ತಿನ್ಲಿ ಬಿಡು," ಎನ್ನುತ್ತಿದ್ದ ಕೊಟ್ರೇಶ.

"ಮತ್ತ ನಿನ್ನ ಮಗಳು ಇವತ್ತ..." ಎಂದು ವಾಮನರಾಯ ಶುರುಮಾಡಿದರೆ, ಕೊಟ್ರೇಶ ನನ್ನ ಮುಚ್ಚಳವನ್ನು ಬೆರಳಿನಿಂದ ಟಕಟಕ ತಟ್ಟುತ್ತಿದ್ದ. ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ವಾಮನರಾಯನೂ ಗೋಲಿನ ತುದಿಗೇ ಹೋಗುವವನು. ಅವನಿಗೂ ಇಂಚರಾಳ ಆಟ ಕಾಣುತ್ತಿರಲಿಲ್ಲ. ಏಳು ವರ್ಷಗಳಲ್ಲಿ ಅವಳಿಗೆ ಬಿದ್ದದ್ದು ಎರಡೇ ಓಟು. ಎರಡೂ ನೋರ್ಮಾಳವು. ಒಂದು ಸಲ ಅವಳ ಮೂಗಿನಿಂದ ರಕ್ತ ಬಂದಿತ್ತು, ಇನ್ನೊಂದು ಸಲ ಅವಳ ಹುಟ್ಟುಹಬ್ಬ.

ಓಟು ಮುಗಿದು, ಇಂಚರಾ ಚೀಲ ತರಲು ಹೋದಾಗ, ಕಾರಿನ ಡಿಕ್ಕಿಯ ಮರೆಯಲ್ಲಿ ಒಂದು ಕೆಲಸ ನಡೆಯುತ್ತಿತ್ತು. ಕೊಟ್ರೇಶ ಜೇಬಿನಿಂದ ಪೆನ್ನು ತೆಗೆದು ಚೀಟಿಯ ಮೇಲೆ ಏನೋ ಬರೆಯುತ್ತಿದ್ದ. ನನ್ನ ತಳದ ಹಾಳೆಯ ಅಂಚನ್ನು ಉಗುರಿನಿಂದೆತ್ತಿ ಚೀಟಿಯನ್ನು ಅದರಡಿ ತಳ್ಳಿ, ಹಾಳೆಯನ್ನು ಸವರಿ ಮುಚ್ಚುತ್ತಿದ್ದ. ಗೆದ್ದ ದಿನಗಳಲ್ಲೆಲ್ಲಾ. ಏನು ಬರೆದನೆಂದು ನನಗೆ ಓದಲು ಬರುತ್ತಿರಲಿಲ್ಲ. ಹೊಟ್ಟೆಯ ತಳದಲ್ಲಿ ಅದರ ಕಚಗುಳಿ ಮಾತ್ರ ಗೊತ್ತಾಗುತ್ತಿತ್ತು.

ಇಂಚರಾ ಬೆಳೆದಳು. ಏನೂ ಹೇಳಬೇಡವೆಂದು ಅತ್ತಿದ್ದನ್ನು ಮರೆತಳು. ಹದಿನಾಲ್ಕಕ್ಕೆ ಬಂದ ಮೇಲೆ, ಗೆದ್ದ ದಿನ ಕಾರು ಹತ್ತುತ್ತಲೇ ಕೇಳುತ್ತಿದ್ದಳು. "ಅಪ್ಪಾ, ನಾನು ಹೇಗೆ ಆಡಿದೆ?"

"ಸೀಟ್ ಬೆಲ್ಟ್ ಹಾಕ್ಕೋ."

"ಹೇಳಪ್ಪಾ."

"ಹಾಕ್ಕೋ ಮೊದಲು."

ಆಮೇಲೆ ಅವನು ಕಾರು ಹೊರಡಿಸುತ್ತಿದ್ದ. ಹಿಂದಿನ ಡಿಕ್ಕಿಯಲ್ಲಿ ಕೂತು ನಾನು ಅದೆಷ್ಟು ಸಲ ನನ್ನ ಮುಚ್ಚಳ ತಾನಾಗಿ ಹಾರಲಿ ಎಂದು ಹಾರೈಸಿದೆನೋ. ರಸ್ತೆಯ ಉಬ್ಬಿನಲ್ಲಿ ಕಾರು ಕುಲುಕಿದಾಗ ಸದ್ದು ಮಾಡಿದೆ. ಡಬ್ಬಿಯ ಸದ್ದಿಗೆ ಯಾರು ತಿರುಗಿ ನೋಡುತ್ತಾರೆ? ಆಮೇಲಾಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಹದಿನೆಂಟಕ್ಕೆ ಆಟವನ್ನೂ ಬಿಟ್ಟಳು. ಕೊನೆಯ ಆಟ ಗೆದ್ದರು. ಅಂದೂ ಕೊಟ್ರೇಶ ಹಾಳೆ ಎತ್ತಿದ. ಅಂದು ಚೀಟಿ ತಳ್ಳಿದ ಮೇಲೂ ಬಹಳ ಹೊತ್ತು ಅವನ ಕೈ ನನ್ನೊಳಗೇ ಇತ್ತು.

ನೋರ್ಮಾ ಬೇಲಿಯ ಬಳಿ ಬರುವುದು ನಿಂತಿತು. ಓಟೂ ನಿಂತಿತು. ನಾನು ಗ್ಯಾರೇಜಿನ ಕಪಾಟು ಸೇರಿದೆ. ಕತ್ತಲಲ್ಲಿ ಆರು ವರ್ಷ.

ಈ ವರ್ಷ ಇಂಚರಾಳಿಗೆ ಬೆಂಡಿಗೊ ಎಂಬ ಊರಿನಲ್ಲಿ ಶಾಲೆಯ ಟೀಚರ್ ಕೆಲಸ ಸಿಕ್ಕಿತು. ಹೊರಡುವ ದಿನ ಕೊಟ್ರೇಶ ಬಸ್ಸಿನ ಕೆಲಸಕ್ಕೆ ಹೋಗಿದ್ದ. ಶಾಂಭವಿ ಗ್ಯಾರೇಜು ಜಾಲಾಡಿ ನನ್ನನ್ನು ಹೊರತೆಗೆದಳು. "ಅಜ್ಜಿ ಡಬ್ಬಿ. ಚೆನ್ನಾಗಿ ತಿಕ್ಕಿ, ಪೇಪರ್ ಬದಲಾಯಿಸಿ ಇಟ್ಕೋ. ನಿಮ್ಮಪ್ಪ ಬದಲಾಯಿಸೋಕೆ ಬಿಡ್ಲೇ ಇಲ್ಲ."

ಮೊನ್ನೆ ಭಾನುವಾರ ಮಧ್ಯಾಹ್ನ, ಬೆಂಡಿಗೊದ ಮನೆಯಲ್ಲಿ, ಇಂಚರಾ ನನ್ನನ್ನು ಸಿಂಕಿನ ಪಕ್ಕ ಇಟ್ಟುಕೊಂಡಳು. ಅಂದು ಬೆಳಗ್ಗೆ ಅವಳ ಶಾಲೆಯವರು ಹತ್ತು ವರ್ಷದ ಹುಡುಗಿಯರ ತಂಡಕ್ಕೆ ಆಟ ಕಲಿಸಲು ಕರೆದಿದ್ದರು. "ನನಗೆ ಅಷ್ಟು ಆಟ ಬರ್ತಿರಲಿಲ್ಲ," ಎಂದು ಫೋನಿನಲ್ಲಿ ಒಲ್ಲೆನೆಂದದ್ದನ್ನು ನಾನು ಕೇಳಿದ್ದೆ. ಅವಳು ಹಾಳೆಯ ಅಂಚೆತ್ತಿದಳು. ಎಣ್ಣೆ ಕುಡಿದು ಗಾಜಿನಂತಾಗಿದ್ದ ಚೀಟಿಗಳು ಒಂದಕ್ಕೊಂದು ಅಂಟಿಕೊಂಡು ಹೊರಬಂದವು. ಹತ್ತೊಂಬತ್ತು.

ಕನ್ನಡದಲ್ಲಿದ್ದವು. ಅವಳಿಗೆ ಕನ್ನಡ ಆಡಲು ಬರುತ್ತದೆ, ಓದಲು ಬರುವುದಿಲ್ಲ. ಆದರೆ ಅಮ್ಮ ಕಲಿಸಿದ್ದ ಒಂದೇ ಒಂದು ಪದ ಅವಳಿಗೆ ಗೊತ್ತಿತ್ತು, ತನ್ನ ಹೆಸರು. ಅದು ಪ್ರತಿ ಚೀಟಿಯ ತಲೆಯ ಮೇಲೂ ಇತ್ತು.

ಅವಳು ಅಪ್ಪನಿಗೆ ಫೋನ್ ಮಾಡಲಿಲ್ಲ. ದಾವಣಗೆರೆಗೆ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಬೆಳಗಿನ ಹೊತ್ತು. ಹಾಲಮ್ಮ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಇಪ್ಪತ್ತಮೂರು ವರ್ಷಗಳ ಮೇಲೆ ನಾನು ಅವಳ ದನಿ ಕೇಳಿದೆ.

"ಅಜ್ಜಿ, ಇದನ್ನ ಓದ್ತೀಯಾ?"

"ಹಿಡಿ ನೋಡಾಣ. ಅಯ್ಯೋ, ನನ್ ಮಗನ ಅಕ್ಷರ! ಕಾಗೆ ಕಾಲು ಗುಬ್ಬಿ ಕಾಲು. ತಡಿ, ಕನ್ನಡಕ ಹಾಕ್ಕೊಂತೀನಿ." ಎಣ್ಣೆಯ ಚಟಪಟ ನಿಂತಿತು. "ಇಂಚರಾ. ಮೇ ಹನ್ನೊಂದು. ಗಾಳಿ ಜೋರು. ನಾಲ್ಕು ಸಲ ಗುದ್ದಿದಳು. ಮೂರು ಓಟು... ಯಾರನ್ನ ಗುದ್ದಿದ್ಯೇ ನೀನು?"

"ಚೆಂಡನ್ನ ಅಜ್ಜಿ. ಜನರನ್ನಲ್ಲ."

"ಹಂಗನ್ನು ಮತ್ತೆ. ಮುಂದಿಂದು ಹಿಡಿ. ಇಂಚರಾ. ಇವತ್ತು ಎರಡೇ ಓಟು. ಬಲಗಡೆ ತಿರುಗಿ ನೋಡಲ್ಲ. ಹೇಳಬೇಕು ಅನ್ನಿಸ್ತು. ಹೇಳಲಿಲ್ಲ."

ಇಂಚರಾ ಮತ್ತೊಂದು ಹಿಡಿದಳು.

"ಇಂಚರಾ. ಜುಲೈ ಇಪ್ಪತ್ತೆಂಟು. ಏಳು ಚೆಂಡು. ಎಲ್ಲಾರೂ ಆ ತುದಿಗೆ ಹೋಗಿದ್ದರು. ಯಾರೂ ನೋಡಲಿಲ್ಲ. ನಾನು ನೋಡಿದೆ. ಮೂರು ಓಟು." ಹಾಲಮ್ಮ ಕನ್ನಡಕ ಮೇಲೆ ಸರಿಸಿದಳು. "ಇದೆಂಥಾ ಆಟನೇ ತಾಯಿ? ಇವನ್ಯಾಕೆ ಇದನ್ನ ಡಬ್ಬಿ ತಳದಾಗೆ ಇಟ್ಟಾನೆ?"

"ಗೊತ್ತಿಲ್ಲ ಅಜ್ಜಿ. ಓದು."

ಮಂಡಕ್ಕಿ ಆರಿ ತಣ್ಣಗಾಗುವವರೆಗೆ ಹಾಲಮ್ಮ ಓದಿದಳು. ಕೊನೆಯ ಚೀಟಿಯಲ್ಲಿ ಹೆಚ್ಚಿರಲಿಲ್ಲ. "ಇಂಚರಾ. ಇವತ್ತು ಎಣಿಸಲಿಲ್ಲ. ಸುಮ್ನೆ ನೋಡಿದೆ. ಮೂರು ಓಟು."

ಆಮೇಲೆ ಇಂಚರಾ ಅಪ್ಪನಿಗೆ ಫೋನ್ ಮಾಡಿದಳು. ಎರಡು ಟ್ರಿಪ್ಪಿನ ನಡುವೆ ಅವನ ಬಸ್ಸು ನಿಂತಿತ್ತು. ಎಂಜಿನ್ನಿನ ಗುರುಗುರು ನನಗೂ ಕೇಳಿತು.

"ಅಪ್ಪಾ, ಜುಲೈ ಇಪ್ಪತ್ತೆಂಟು. ಏಳಲ್ಲ. ಎಂಟು."

ಅತ್ತ ಅವನು ಎಂಜಿನ್ ಆರಿಸಿದ.

"ಎಂಟನೇದು ನಿನ್ನ ಕೈಗೆ ತಾಗ್ಲೇ ಇಲ್ಲ," ಎಂದ ಕೊಟ್ರೇಶ. "ಆ ಹುಡುಗಿನೇ ಕೈಬಿಟ್ಟಳು. ನಾನು ಕಂಬದ ಹಿಂದೇನೇ ನಿಂತಿದ್ದೆ."

"ತಾಗಿತ್ತು."

"ಇಲ್ಲ."

"ತಾಗಿತ್ತಪ್ಪಾ!"

ಬಸ್ಸು ಹೊರಡುವವರೆಗೂ ಅವರು ಜಗಳವಾಡಿದರು. ಬಲಗಡೆ ಯಾಕೆ ನೋಡುತ್ತಿರಲಿಲ್ಲವೆಂದು ಅವನು ಕೇಳಿದ, ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದನೆಂದು ಅವಳೆಂದಳು. ಕೊನೆಗೆ, "ಸೀಟ್ ಬೆಲ್ಟ್ ಹಾಕ್ಕೋ," ಎಂದು ಫೋನಿಟ್ಟಳು. ಕಣ್ಣೊರೆಸಿಕೊಂಡು, ಶಾಲೆಯವರ ನಂಬರು ಹುಡುಕತೊಡಗಿದಳು.

ಈಗ ನಾನು ಅವಳ ಅಡುಗೆಮನೆಯ ಮೂಲೆಯಲ್ಲಿದ್ದೇನೆ. ಮೈಮೇಲೆ ಗೀರುಗಳಿವೆ, ಮುಚ್ಚಳ ಸ್ವಲ್ಪ ಸಡಿಲ. ಚೀಟಿಗಳು ತಳದಲ್ಲೇ ಇವೆ. ಅವುಗಳ ಮೇಲೆ ಹಾಲಮ್ಮ ಹಾಸಿದ ಅದೇ ಹಾಳೆ, ಅದರ ಮೇಲೆ ಹೊಸದೊಂದು ಬಿಳಿ ಹಾಳೆ, ಅದರ ಮೇಲೆ ಚಕ್ಕುಲಿ. ಇಷ್ಟು ವರ್ಷ ನಾನು ಹಂಬಲಿಸಿದ್ದು ಈ ಎಳ್ಳಿನ ವಾಸನೆಗೋ, ಯಾರಾದರೂ ಆ ಹಾಳೆ ಎತ್ತಲಿ ಎಂಬುದಕ್ಕೋ, ಬಿಡಿಸಿ ಹೇಳಲಾರೆ.

ಕೊಟ್ರೇಶ ತಾಯಿಯ ಹೆಸರು ಮುಟ್ಟಿ ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ. ಹತ್ತೊಂಬತ್ತು ಸಲ ಮುರಿದ.