ಹಬೆಯ ಮುಳ್ಳು

ಮುಳ್ಳು ಕೆಳಗೆ ಬಾಗಿತೇ, ಇಲ್ಲ, ಗಾಜಿನ ಮೇಲೆ ಬೆವರಹನಿ ಜಾರಿತಷ್ಟೆ, ಖಂಡೆಪ್ಪ ಮೊಣಕೈಯಿಂದ ಒರೆಸಿದ, ಹಬೆಯ ಒತ್ತಡ ತೋರಿಸುವ ಕರಿ ಮುಳ್ಳು ನಿಂತಲ್ಲೇ ನಿಂತಿದೆ, ಬೆನ್ನ ಹಿಂದೆ ಬಂದೂಕಿನವನೂ ನಿಂತಲ್ಲೇ ನಿಂತಿದ್ದಾನೆ — ರೈಲು ವಾಡಿ ಬಿಟ್ಟಾಗಿನಿಂದ ಹೀಗೇ, ಎದುರಿಗೆ ಬೆಂಕಿ, ಹಿಂದೆ ನಳಿಗೆ, ಡಬ್ಬಿಗಳ ತುಂಬ ಅವನಂಥ ರಜಾಕಾರರೇ, ಚಿತ್ತಾಪುರದ ಆಚೆ ಇಳಿಯುತ್ತಾರಂತೆ, ಸರಕಾರಕ್ಕೆ ಹೆಂಡದ ಸುಂಕ ತರುವ ಈಚಲು ಮರ ಕಡಿದ ಊರನ್ನು ಸುಡಬೇಕಂತೆ, ಅದು ಅಕ್ಕ ಅಮೃತಮ್ಮನನ್ನು ಕೊಟ್ಟ ಊರೆಂದು, ಕೊಡಲಿ ಹಿಡಿದವರಲ್ಲಿ ಭಾವನೂ ಒಬ್ಬನೆಂದು ಇವರಿಗೆ ಗೊತ್ತಿಲ್ಲ. ಕೋಯಲಾ ಹಾಕು, ಬಂದೂಕಿನವನು ಗದರಿದ. ಹಾಕಿದ. ಒಂದು ಸಲಿಕೆ ಕಲ್ಲಿದ್ದಲು, ಅದು ಉರಿಯಾಗುತ್ತದೆ, ಉರಿ ನೀರನ್ನು ಹಬೆ ಮಾಡುತ್ತದೆ, ಇಕ್ಕಟ್ಟಿನಲ್ಲಿ ಸಿಕ್ಕ ಹಬೆ ದಾರಿ ಹುಡುಕುತ್ತ ಪಿಸ್ಟನ್ನನ್ನು ದೂಡುತ್ತದೆ, ಪಿಸ್ಟನ್ನಿನ ಸರಳು ಗಾಲಿ ತಿರುಗಿಸುತ್ತದೆ, ಗಾಲಿ ಅಕ್ಕನ ಬಾಗಿಲಿಗೆ ಹೋಗುತ್ತದೆ — ತನ್ನ ತೋಳೇ ಹೊತ್ತು ಒಯ್ಯುತ್ತಿದೆ ಇವರನ್ನು, ಎಸೆಯದಿದ್ದರೆ ಗುಂಡು, ಆಮೇಲೆ ಇನ್ಯಾವನೋ ಎಸೆಯುತ್ತಾನೆ, ಗಾಲಿಗೆ ಯಾರ ತೋಳಾದರೇನು. ಅಕ್ಕನ ಅಡುಗೆಮನೆ, ತೊಗರಿಕಟ್ಟಿಗೆಯ ಹೊಗೆ, ಕಣ್ಣೊರೆಸುತ್ತ ಅಕ್ಕ, ಗಂಟಲತನಕ ತುರುಕಿದ್ರ ಒಲಿ ಹೆಂಗ ಉರೀತದೋ ಖಂಡ್ಯಾ, ಅದಕ್ಕೂ ಉಸುರಾಡ್ಲಿಕ್ಕ ಜಾಗಾ ಬಿಡು —

ಜಾಗ ಬಿಡಬಾರದು. ಹಾಕು ಅಂದವರು ಅವರೇ ಅಲ್ಲವೇ, ಹಾಕುತ್ತಾನೆ, ದಪ್ಪ ಹೆಂಟೆಗಳನ್ನೇ, ಉರಿಯ ಮೇಲೆ ರಾಶಿ, ರಾಶಿಯ ಮೇಲೆ ರಾಶಿ, ಬಿಳಿ ಬೆಂಕಿ ಕೆಂಪಾಯಿತು, ಕೆಂಪು ಕಂದಿತು, ಚಿಮಣಿಯಿಂದ ಕರಿ ಹೊಗೆ, ನಳಿಗೆಯವನು ಖುಷಿಯಾಗಿದ್ದಾನೆ, ಚಲೋ ಕೆಲಸ ಮಾಡಾಕತ್ತಿ ಅನ್ನುತ್ತಾನೆ, ಮುಳ್ಳು ಇಳಿಯುತ್ತಿದೆ. ಡ್ರೈವರ್ ಅಬ್ದುಲ್ ಕರೀಮ್ ತಿರುಗಿ ನೋಡಿದ, ರೊಟ್ಟಿ ಹಿಟ್ಟು ಹರವಿದಂಗ ತೆಳ್ಳಗ ಹಾಸು ಬೇಟಾ ಎಂದು ಉರಿಯ ವಿದ್ಯೆ ಕಲಿಸಿದವನು ಅವನೇ, ಅವನ ಕಣ್ಣಿಗೆ ಏನು ಮುಚ್ಚಿಡುವುದು, ಬೆಂಕಿಬಾಯಿ ನೋಡಿದ, ಮುಳ್ಳು ನೋಡಿದ, ಖಂಡೆಪ್ಪನ ಮುಖ ನೋಡಿದ, ಈಗ ಕೂಗುತ್ತಾನೆ, ಈಗ — ಕರೀಮ್ ಚಾಚಾ ಕೈ ನೀಡಿ ಬಾಯ್ಲರಿಗೆ ತಣ್ಣೀರು ಬಿಡುವ ನಲ್ಲಿ ಪೂರ್ತಿ ತಿರುಗಿಸಿದ, ಮುಳ್ಳು ಇನ್ನೂ ಕುಸಿಯಿತು. ಏರು ಬಂತು, ಇಂಜಿನ್ ಏದುಸಿರು ಬಿಟ್ಟಿತು, ಗಾಲಿ ಜಾರಿತು, ಬಯಲ ನಡುವೆ ನಿಂತುಬಿಟ್ಟಿತು. ಚಲನೆಯಾಗದ ಉರಿಯೆಲ್ಲ ಹೊಗೆಯಾಗಿ ಮುಗಿಲಿಗೆ ಕಂಬ ಹಾಕಿತು, ಎಂದೂ ನಿಲ್ಲದ ಜಾಗದಲ್ಲಿ ನಿಂತ ರೈಲನ್ನು ದೂರದಿಂದಲೇ ಅಕ್ಕನ ಊರು ಕಂಡಿತು, ಅಗೋ ಬಂಡಿಗಳು, ದನಗಳು, ತಲೆಯ ಮೇಲೆ ಗಂಟು ಹೊತ್ತ ಹೆಂಗಸರು ಕಾಗಿಣಾ ಹೊಳೆಯ ಕಡೆಗೆ, ಅವರಲ್ಲಿ ಅಕ್ಕ ಯಾರು, ಆ ಹಸಿರು ಸೀರೆಯೇ, ಹೋಗು ಯಕ್ಕಾ, ತಿರುಗಿ ನೋಡಬ್ಯಾಡ —

ಯಾರು ಮಾಡಿದ್ದು, ಬಂದೂಕಿನವನು ಕೇಳಿದ. ಖಂಡೆಪ್ಪ ಸಲಿಕೆ ಕೆಳಗಿಟ್ಟ, ಅಷ್ಟರಲ್ಲಿ ಕರೀಮ್ ಚಾಚಾನ ದನಿ, ನೀರು ಜಾಸ್ತಿ ಬಿಟ್ಟವ ನಾನೇ, ಇವಗೇನೂ ಗೊತ್ತಿಲ್ಲ. ಅವನನ್ನು ಕೆಳಗೆಳೆದರು, ಹಳಿಯ ಪಕ್ಕದ ಜಲ್ಲಿಯ ಮೇಲೆ ಮಂಡಿಯೂರಿಸಿದರು. ನಾ ರೀ, ಕೋಯಲಾ ತುಂಬಿದವ ನಾ, ಖಂಡೆಪ್ಪ ಕೊನೆಗೂ ಅಂದ, ಯಾರೂ ಕೇಳಿಸಿಕೊಳ್ಳಲಿಲ್ಲ, ಉರಿ ಎಬ್ಬಿಸು, ಗಾಡಿ ಹೊಂಟ್ರ ಇವ ಏಳ್ತಾನ, ಇಲ್ಲಂದ್ರ ಇಲ್ಲೇ ಗುಂಡು, ಬಂದೂಕಿನವನು ಅಂದ. ಊರು ಖಾಲಿಯಾಗಿದೆ, ಈಗ ಹಬೆ ಬರಲಿ, ಬೇಗ ಬರಲಿ, ಉದ್ದ ಸಲಾಕೆಯಿಂದ ರಾಶಿ ಒಡೆದ, ತೆಳ್ಳಗೆ ಹರವಿದ, ಗಾಳಿ ಒಳಗೆ ಹೊಕ್ಕಿತು, ಒಂದು ನಾಲಗೆ ಬೆಂಕಿ, ಇನ್ನೊಂದು, ಆದರೆ ಬಾಯ್ಲರಿನ ಹೊಟ್ಟೆ ತುಂಬ ತಣ್ಣೀರು, ಚಾಚಾನೇ ಬಿಟ್ಟ ನೀರು, ಅದು ಕಾಯಬೇಕು, ಕುದಿಯಬೇಕು, ವಾಡಿಯಲ್ಲಿ ಸುಗರಾಬಿ ಚಾಚಿ ಗಂಡನ ದಾರಿ ಕಾಯುತ್ತಿರುತ್ತಾಳೆ, ಜಲ್ಲಿ ಚುಚ್ಚುತ್ತಿರಬೇಕು ಅವನ ಮಂಡಿಗೆ, ನೋಡಬಾರದು ಆ ಕಡೆ, ಗಾಜು ನೋಡಬೇಕು, ಮುಳ್ಳು, ಒಂದು ಕೂದಲೆಳೆ ಮೇಲೆ ಬಂದಿದೆಯೇ, ಇಲ್ಲ, ನಡುಗಿದ್ದು ತನ್ನ ಕಣ್ಣು, ಮುಳ್ಳು ಅಲ್ಲೇ ಇದೆ, ಏಳು, ಏಳು ನಮ್ಮಪ್ಪಾ, ಮುಳ್ಳು — ಅಲ್ಲೇ — ಮುಳ್ಳು —