ಬಾನೆಟ್ಟು ಹಿರಿಯವನ ಪಾಲಿಗೆ

ಮಾವನವರು "ಅಳಿಯಂದಿರೇ" ಎಂದು ಕರೆದಾಗಲೇ ಟಿಂಕರನಿಗೆ ಅನುಮಾನ ಬಂತು. ಮದುವೆಯಾಗಿ ಒಂಬತ್ತು ವರ್ಷ. ಅಷ್ಟರಲ್ಲಿ ಆ ಮನೆಯವರು ಅವನನ್ನು ಅವನು ಎಂದಿದ್ದರು, ಇವನು ಎಂದಿದ್ದರು, ಅವಳ ಗಂಡ ಎಂದಿದ್ದರು. ದೊಡ್ಡ ಮನುಷ್ಯರು ಬಂದಾಗ "ವಾಹನ ಉದ್ಯಮದಲ್ಲಿದ್ದಾರೆ" ಎಂದು ಹೇಳಿ ಬೇಗ ಮಾತು ಬದಲಾಯಿಸಿದ್ದರು. ಉದ್ಯಮವೆಂದರೆ ಗುದ್ದಿಸಿಕೊಂಡು ಬಂದ ಕಾರುಗಳ ಗಾಯವನ್ನು ಸುತ್ತಿಗೆಯಿಂದ ತಟ್ಟಿ, ಪುಟ್ಟಿ ಮೆತ್ತಿ, ಏನೂ ಆಗಿಲ್ಲವೆಂಬಂತೆ ಮಾಡುವುದು. ಆ ಮನೆತನ ತನ್ನ ಚರಿತ್ರೆಗೆ ಮಾಡುತ್ತಿದ್ದದ್ದೂ ಅದನ್ನೇ. ಆದರೂ ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ.

"ಕೂತ್ಕೊಳ್ಳಿ ಅಳಿಯಂದಿರೇ. ಕಾಫಿಗೆ ಸಕ್ಕರೆ ಎಷ್ಟು?"

ಒಂಬತ್ತು ವರ್ಷದಲ್ಲಿ ಸಕ್ಕರೆಯ ಪ್ರಶ್ನೆ ಇದೇ ಮೊದಲು.

ವಿಷಯ ಇಷ್ಟೇ. ಟಿಂಕರನ ಬಾಡಿಗೆ ವರ್ಕ್‌ಶಾಪಿನ ಕಟ್ಟಡ ಕೆಡವುತ್ತಿದ್ದರು. ತಿಂಗಳ ಕೊನೆಯೊಳಗೆ ಅವನು ಸಾಮಾನು ಎತ್ತಬೇಕಿತ್ತು. ಮಾವನ ಮನೆಯ ಹಿಂದೆ, ಹಿಂದಿನ ಬೀದಿಗೆ ಬಾಗಿಲಿದ್ದ ಒಂದು ಶೆಡ್ಡು ಖಾಲಿ ಬಿದ್ದಿತ್ತು. ಅದನ್ನು ಅವನು ಎರಡು ಸಲ ಕೇಳಿದ್ದ, ಹೆಂಡತಿ ಐದು ಸಲ. ಏಳು ಸಲವೂ ಒಂದೇ ಉತ್ತರ: "ಅದು ಅಪ್ಪಾಜಿಯ ಕಾರು ನಿಂತಿದ್ದ ಜಾಗ." ಆ ಕಾರನ್ನು ಮಾವ ಕಣ್ಣಾರೆ ನೋಡಿರಲಿಲ್ಲ; ಅವರು ಹುಟ್ಟುವ ಮೊದಲೇ ಮಾರಿಹೋಗಿತ್ತಂತೆ. ಆದರೆ ಫೋಟೋ ಇತ್ತು. ಅಂದರೆ, ಅರ್ಧ ಫೋಟೋ ಇತ್ತು.

ಅಣ್ಣತಮ್ಮಂದಿರು ಪಾಲಾದಾಗ ಎಲ್ಲವನ್ನೂ ಸಮಸಮವಾಗಿ ಹಂಚಿಕೊಂಡಿದ್ದರು. ಆರು ಕುರ್ಚಿಯಲ್ಲಿ ಮೂರು ಮೂರು, ಏಳು ಹಿತ್ತಾಳೆ ಕೊಳಗದಲ್ಲಿ ಮೂರೂವರೆ. ಏಳನೆಯದನ್ನು ನಿಜಕ್ಕೂ ಕೊಯ್ಯಿಸಿದ್ದರು. ಆ ಹುರುಪಿನಲ್ಲೇ ಫೋಟೋಕ್ಕೂ ಕತ್ತರಿ ಬಿತ್ತು. ಬಾನೆಟ್ಟು ಮತ್ತು ಅಪ್ಪ ಹಿರಿಯವನ ಪಾಲಿಗೆ, ಕಾರಿನ ಹಿಂಭಾಗ ಮತ್ತು ಅಮ್ಮ ಕಿರಿಯವನ ಪಾಲಿಗೆ. ಬದುಕಿದ್ದಾಗ ಒಂದು ದಿನವೂ ಅಗಲಿರದ ದಂಪತಿಯನ್ನು ಮಕ್ಕಳು ಹೀಗೆ ನ್ಯಾಯಯುತವಾಗಿ ಬೇರೆ ಮಾಡಿದರು.

"ಶೆಡ್ಡಿನ ಗೋಡೆಗೆ ಒಂದು ಕಲ್ಲು ಹಾಕಿಸ್ತೀನಿ," ಎಂದರು ಮಾವ. "ಕಾರಿನ ಹೆಸರು, ಮಾಡೆಲ್ಲು. ಬಾಯಲ್ಲಿ ಏನಾದ್ರೂ ಹೇಳ್ಬಹುದು, ಕಲ್ಲಲ್ಲಿ ತಪ್ಪಾಗಬಾರದು. ನೀವು ಕಂಡುಹಿಡಿದು ಕೊಡಿ. ಶೆಡ್ಡು ನಿಮ್ಮದೇ, ಕೆಲಸ ಮಾಡ್ಕೊಳ್ಳಿ. ರೋಲ್ಸ್ ರಾಯ್ಸ್ ಅಂತ ನಮಗೆಲ್ಲ ಗೊತ್ತು. ಆದ್ರೂ ತಿಳಿದವರು ಒಂದು ಮಾತು ಹೇಳ್ಲಿ."

ಟಿಂಕರ ಫೋಟೋವನ್ನು ಕಿಟಕಿಯ ಹತ್ತಿರ ಒಯ್ದ. ಕೋಟು ತೊಟ್ಟ ಅಜ್ಜ ಬಾನೆಟ್ಟಿನ ಮೇಲೆ ಕೈಯಿಟ್ಟು, ಅದು ತಾನೇ ಸಾಕಿದ ಪ್ರಾಣಿಯೇನೋ ಎಂಬಂತೆ ನಿಂತಿದ್ದರು.

"ರೋಲ್ಸ್ ಅಲ್ಲ ಮಾವ."

ಮಾವ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದರು.

"ರೋಲ್ಸಿನ ಮೂತಿ ಚಪ್ಪಟೆ, ಮೇಲೆ ಪುಟ್ಟ ಬೊಂಬೆ ಇರುತ್ತೆ. ಇಲ್ಲಿ ನೋಡಿ, ಜಾಲರಿ ತಲೆ ಮೇಲೆ ನೆರಿಗೆ ನೆರಿಗೆ. ಇದು ಡೈಮ್ಲರ್. ನಾನು ಕೆಲಸ ಕಲಿಯುವಾಗ ನಮ್ಮ ಮೇಸ್ತ್ರಿ ಒಂದನ್ನ ತಟ್ಟಿದ್ರು, ಮೂರು ದಿನ ಟಾರ್ಚು ಹಿಡಿದಿದ್ದೆ."

"ಡೈಮ್ಲರ್," ಎಂದು ಮಾವ ಕಹಿ ಮಾತ್ರೆ ನುಂಗಿದಂತೆ ಹೇಳಿದರು. "ಯಾರೂ ಕೇಳಿರಲ್ಲ."

"ಇಂಗ್ಲೆಂಡಿನ ರಾಜರ ಮನೇಲಿ ಇದ್ದದ್ದು ಇದೇ."

ಡಬ್ಬಿಯ ಮುಚ್ಚಳ ಮತ್ತೆ ತೆರೆಯಿತು. "ಹಾಗನ್ನಿ. ರೋಲ್ಸ್ ಆದ್ರೆ ಈಗ ಯಾವ ಕಂಟ್ರಾಕ್ಟರ್ ಬೇಕಾದ್ರೂ ತಗೋತಾನೆ. ಅಪ್ಪಾಜಿ ಅಂಥವರಲ್ಲ."

ಮಾಡೆಲ್ಲು ತಿಳಿಯಲು ಹಿಂಭಾಗ ಬೇಕಿತ್ತು. ಹಿಂಭಾಗ ಕಿರಿಯ ಮನೆಯಲ್ಲಿತ್ತು. ಕಿರಿಯ ಮನೆಗೂ ಹಿರಿಯ ಮನೆಗೂ ಮಾತಿರಲಿಲ್ಲ, ನಡುವೆ ಎರಡು ಬೀದಿ ಮಾತ್ರ ಇತ್ತು. ತಮ್ಮ ತೀರಿಕೊಂಡ ಮೇಲೆ ಅಲ್ಲಿ ಇದ್ದವರು ಅವನ ಹೆಂಡತಿ, ಟಿಂಕರನಿಗೆ ಚಿಕ್ಕತ್ತೆ.

"ಬನ್ನಿ, ವಾಹನ ಉದ್ಯಮದವರೇ," ಎಂದು ಚಿಕ್ಕತ್ತೆ ಬಾಗಿಲು ತೆರೆದರು. ವಿಷಯ ಕೇಳಿ ಬೀರುವಿನಿಂದ ಒಂದು ಪುಸ್ತಕ ತೆಗೆದು, ಅದರೊಳಗಿಂದ ಫೋಟೋದ ಅರ್ಧ ಎಳೆದರು. "ನಮ್ಮ ಮನೇಲಿ ಇದನ್ನ ಬಸ್ಸು ಅಂತಿದ್ರು. ಅಷ್ಟು ಉದ್ದ ಇದೆಯಲ್ಲ. ನಮ್ಮ ಮಾವನವರಿಗೆ ಬಸ್ ಕಂಪನಿ ಇತ್ತು ಅಂತ ನಮ್ಮೆಜಮಾನ್ರು ಸಾಯೋವರೆಗೂ ಹೇಳ್ತಿದ್ರು. ಒಂದು ಟಿಕೆಟ್ಟಾದ್ರೂ ತೋರ್ಸಿ ಅಂದ್ರೆ ಸಿಟ್ಟು ಬರ್ತಿತ್ತು."

ಟಿಂಕರ ನೋಡಿದ. ಸೂರು ಇಳಿಜಾರಾಗದೆ ಕೊನೆಯವರೆಗೂ ನೆಟ್ಟಗೆ ಹೋಗಿತ್ತು. ಅದರ ಮೇಲೆ ಹೂವಿನ ಚಕ್ರಗಳನ್ನು ಜಾರದಂತೆ ಇಡಲು ಗೇಣೆತ್ತರದ ಕಂಬಿ. ಪಕ್ಕದಲ್ಲಿ ಒಂದೇ ಉದ್ದನೆಯ ಗಾಜು. ಗಾಜಿನೊಳಗೆ ಸೀಟಿರಲಿಲ್ಲ, ಒಂದು ಹಲಗೆ ಇತ್ತು. ಹಲಗೆಯ ಮೇಲೆ ಉರುಳೆಗಳಿದ್ದವು. ಪಕ್ಕದಲ್ಲಿ ಅಜ್ಜಿ ಮದುವೆ ಮನೆಗೆ ಬಂದವರಂತೆ ನಗುತ್ತಿದ್ದರು. ಅವರ ಹಿಂದೆ ಟೋಪಿ ಹಾಕಿದ ಡ್ರೈವರ್, ಇವರು ಯಾವಾಗ ತೊಲಗುತ್ತಾರೋ ಎಂದು ಗಡಿಯಾರ ನೋಡುತ್ತಿದ್ದ.

"ಏನಂತೆ?" ಎಂದರು ಚಿಕ್ಕತ್ತೆ.

"ಅತ್ತೆ, ಇದು ಹೆಣ ಸಾಗಿಸೋ ಗಾಡಿ."

ಚಿಕ್ಕತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಕುಲುಕುವಂತೆ ನಕ್ಕರು. "ತಗೊಂಡ್ಹೋಗಿ. ಭಾವನವರಿಗೆ ನಾನೇ ಕೊಟ್ಟೆ ಅಂತ ಹೇಳಿ, ಪಾಪ."

ಅಂದು ಸಂಜೆ ಹೆಂಡತಿ ಎರಡು ತುಂಡನ್ನೂ ಜೋಡಿಸಿ ನೋಡಿದಳು. ಅವಳಿಗೆ ನಗು ಬರಲಿಲ್ಲ. ಅವಳ ತಲೆಯಲ್ಲಿ ತಿಂಗಳ ಕೊನೆ ಇತ್ತು.

"ಅಪ್ಪ ಕೇಳಿದ್ದು ಹೆಸರು. ಹೆಸರು ಡೈಮ್ಲರ್ ತಾನೇ? ಅಷ್ಟು ಹೇಳಿ, ಬೀಗದಕೈ ಇಸ್ಕೊಂಡು ಬನ್ನಿ. ಹಿಂದೆ ಯಾರು ಮಲಗಿದ್ರು ಅಂತ ಅವರು ಕೇಳಿಲ್ಲ."

ಮಾತು ಸರಿಯಾಗಿಯೇ ಇತ್ತು. ಮರುದಿನ ಅವನು ಹಿಂದಿನ ಅರ್ಧವನ್ನು ಜೇಬಿನಲ್ಲೇ ಇಟ್ಟುಕೊಂಡು, ಡೈಮ್ಲರ್, ಉದ್ದನೆಯ ಮಾದರಿ, ಆರು ಸಿಲಿಂಡರು ಇರಬೇಕು ಎಂದು ಒಪ್ಪಿಸಿದ. ಮಾವ ಬರೆದುಕೊಂಡರು, ಎರಡು ಸಲ ಓದಿಸಿಕೊಂಡರು, ಹೆಮ್ಮೆಯಿಂದ ಗಂಟಲು ಸರಿಮಾಡಿಕೊಂಡರು.

"ಇಷ್ಟೆಲ್ಲ ಆದ ಮೇಲೆ ಶೆಡ್ಡಿನಲ್ಲಿ ಸುತ್ತಿಗೆ ಸದ್ದು ಚೆನ್ನಾಗಿರಲ್ಲ, ಅಲ್ವಾ? ರಾಜರ ಕಾರು ನಿಂತ ಜಾಗ. ಒಳಗೆ ಒಂದು ದೀಪ, ಗೋಡೆಗೆ ಫೋಟೋ ದೊಡ್ಡದು ಮಾಡಿಸಿ ಹಾಕೋಣ. ನಿನಗೆ ಬೇರೆ ಎಲ್ಲಾದ್ರೂ ಸಿಗುತ್ತೆ. ಕೈಯಲ್ಲಿ ಕೆಲಸ ಇರೋರಿಗೆ ಜಾಗಕ್ಕೇನು ಬರ."

"ಅಳಿಯಂದಿರು" "ನೀನು" ಆಗಿ ಇಳಿದದ್ದನ್ನು ಟಿಂಕರ ಗಮನಿಸಿದ. ಜೇಬಿನಿಂದ ಹಿಂದಿನ ಅರ್ಧ ತೆಗೆದು, ಮೇಜಿನ ಮೇಲಿದ್ದ ಮುಂದಿನ ಅರ್ಧಕ್ಕೆ ತಾಗಿಸಿಟ್ಟ. ಡೋರಿನ ಸಂದು ಹೊಂದಿಸುವವನ ಕೈ ಅದು, ಗೀರೂ ಕಾಣಲಿಲ್ಲ. ಕಂಬಿ, ಗಾಜು, ಹಲಗೆ, ಉರುಳೆ, ಒಂದೊಂದನ್ನೂ ಬೆರಳಿಟ್ಟು ಹೇಳಿದ, ಗಿರಾಕಿಗೆ ಡ್ಯಾಮೇಜು ತೋರಿಸುವ ಹಾಗೆ.

ಮಾವ ಫೋಟೋದ ಮೇಲೆ ಬಗ್ಗಿದರು. ಅಪ್ಪನನ್ನೂ ಅಮ್ಮನನ್ನೂ ಒಟ್ಟಿಗೆ ನೋಡಿ ಅವರಿಗೆ ಮೂವತ್ತು ವರ್ಷವಾಗಿತ್ತು. ಆದರೆ ಮನೆತನವೆಂದರೆ ಸುಮ್ಮನೆಯೆ? ನಿಧಾನವಾಗಿ ಅವರ ಬೆರಳು ಮುಂದೆ ಬಂದು, ಹಿಂದಿನ ಅರ್ಧವನ್ನು ಎರಡಂಗುಲ ದೂರ ತಳ್ಳಿತು.

"ಪಾಲು ಆಗಿಹೋಗಿದೆಯಲ್ಲ," ಎಂದರು. "ಹೆಣ ಇಡೋ ಭಾಗ ತಮ್ಮನಿಗೆ ಹೋಯ್ತು. ಪತ್ರಕ್ಕೆ ಅವನ ರುಜು ಇದೆ. ನಮ್ಮದು ಇಂಜಿನ್ನು."

"ಹೌದು ಮಾವ."

"ನಮ್ಮದು ಬರೀ ಡೈಮ್ಲರ್."

"ಹೌದು."

ಅವರ ಮುಖ ತಿಳಿಯಾಯಿತು. ಕಿಟಕಿಯಾಚೆ ಶೆಡ್ಡು ಕಂಡಿತು. ಮುಖ ಮತ್ತೆ ಕದಡಿತು.

"ಶೆಡ್ಡು ಮಾತ್ರ ಪೂರ್ತಿ ನಮ್ಮ ಪಾಲಿಗೇ ಬಂತು," ಎಂದು ದನಿ ತಗ್ಗಿಸಿದರು. "ಅದನ್ನ ಒಳಗೆ ತಂದು ನಿಲ್ಲಿಸ್ತಿದ್ರಾ? ಹಿಂಭಾಗದ ಸಮೇತ?"

ಶೆಡ್ಡಿನ ಉದ್ದ ಹದಿನೈದು ಅಡಿ. ಲಿಫ್ಟು ಎಲ್ಲಿ, ಬೆಂಚು ಎಲ್ಲಿ ಎಂದು ಯೋಚಿಸುತ್ತ ಟಿಂಕರ ಅದನ್ನು ಮೂರು ಸಲ ಅಳೆದಿದ್ದ. ಗಾಡಿ ಹತ್ತೊಂಬತ್ತು ಅಡಿಗೆ ಕಡಿಮೆಯಿರಲಿಲ್ಲ. ಅದನ್ನು ಶೆಡ್ಡಿಗೆ ತುರುಕಬೇಕಾದರೆ ಮೊದಲು ಕೊಳಗವನ್ನು ಕೊಯ್ದ ಹಾಗೆ ಕೊಯ್ಯಬೇಕಿತ್ತು. ಅಜ್ಜನಿಗೆ ಕಾರೂ ಇರಲಿಲ್ಲ, ಅಲ್ಲಿ ಅದು ನಿಂತೂ ಇರಲಿಲ್ಲ. ಶೆಡ್ಡು ಹೂವಿನಷ್ಟು ನಿರ್ಮಲ.

"ನಿಲ್ಲಿಸದೆ ಇನ್ನೇನು ಮಾವ," ಎಂದ ಟಿಂಕರ. "ಅಂಥ ಗಾಡೀನ ಬೀದೀಲಿ ಬಿಡೋಕಾಗುತ್ತಾ?"

ಮಾವ ಎದ್ದು ಮೊಳೆಯಿಂದ ಬೀಗದಕೈ ತೆಗೆದರು. ಅವನ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟು ಅವನ ಕಡೆ ಸರಿಸಿ, ಬೆರಳನ್ನು ಪಂಚೆಗೆ ಒರೆಸಿಕೊಂಡರು.

"ಇವತ್ತೇ ಸಾಮಾನು ತಂದುಬಿಡಿ, ಅಳಿಯಂದಿರೇ," ಎಂದರು. "ಚೆನ್ನಾಗಿ ಸದ್ದು ಮಾಡಿ."