ಮೇಣದ ಕೆಳಗಿನ ಹೆಸರು

ಆಯುಧ ಪೂಜೆಯ ಖಂಡೇನವಮಿಗೆ ಎರಡು ದಿನ ಇರುವಾಗ ನನ್ನ ಸೊಸೆ ಮೃಣ್ಮಯಿ ನಮ್ಮ ಜಮಖಂಡಿ ಮನೆಯ ಗೋಡೆಯಿಂದ ಕತ್ತಿ ಇಳಿಸಿ, ನನ್ನ ಮಂಚದ ಪಕ್ಕ ಅಗಲ ತಟ್ಟೆಯ ಪರಾತ ಇಟ್ಟುಕೊಂಡು ಕೂತಳು. ನಾನೂ ನೋಡುವಂತಾಗಲಿ ಅಂತ ಅಲ್ಲೇ ಕೂತಳು, ಪಾಪ. ಲಕ್ವಾ ಹೊಡೆದು ಒಂಬತ್ತು ತಿಂಗಳಾಯಿತು. ನನಗೀಗ ಉಳಿದಿರುವುದು ಎರಡು ಕಣ್ಣು, ಗೇಣುದ್ದ ಏಳುವ ಎಡಗೈ, ಮತ್ತು ಯಾರಿಗೂ ಕೇಳಿಸದ ಸಿಟ್ಟು.

ಕತ್ತಿ ಬರೀ ಶೋಭೆಯದು. ಪುರಾಣ ಹೇಳುತ್ತಿದ್ದ ನನ್ನ ಅಜ್ಜನಿಗೆ ಸಂಸ್ಥಾನದ ಕಾಲದಲ್ಲಿ ಯಾರೋ ಸರದಾರರು ಕೊಟ್ಟದ್ದು. ಭಟ್ಟನಿಗೆ ಕತ್ತಿ ಯಾಕೆ ಅಂತ ಓಣಿಯೆಲ್ಲ ನಕ್ಕಿತ್ತಂತೆ. ಅದರಿಂದ ಬದನೆಕಾಯಿ ಸಹ ಹೆಚ್ಚಲಾಗದು. ಆದರೆ ಅಲಗಿನ ಒಂದು ಬದಿಗೆ ಬಳ್ಳಿ, ಇನ್ನೊಂದು ಬದಿಗೆ ಅಜ್ಜನ ಹೆಸರು, ಎರಡೂ ತೆಳ್ಳನೆಯ ಬಂಗಾರದ ನೀರಿನಲ್ಲಿ. ಅಜ್ಜನ ಫೋಟೋ ಒಂದೂ ಇಲ್ಲ. ಅವನು ಇದ್ದ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಇದೊಂದೇ ಗುರುತು.

ತುಕ್ಕು ಹಿಡಿಯಬಾರದೆಂದು ನಾನೇ ಮೇಣ ಹಚ್ಚುತ್ತಿದ್ದೆ. ಕೃಷ್ಣಾ ಹೊಳೆ ಏರಿದ ವರ್ಷ, ಹದಿನೈದು ದಿನ ಬಿಸಿಲೇ ಕಾಣದೆ ಗೋಡೆಗಳೆಲ್ಲ ತೇವ ಹಿಡಿದಾಗ, ಹೆದರಿ ದಪ್ಪಗೆ ಬಳಿದೆ. ಅದೀಗ ಹಳದಿಗಟ್ಟಿ ಬಳ್ಳಿ, ಅಕ್ಷರ ಎರಡನ್ನೂ ಮುಚ್ಚಿದೆ. ತೆಗೆಯುವುದು ಕಷ್ಟವಲ್ಲ. ಹಳೇ ಧೋತರದ ಚೂರಿಗೆ ಎರಡು ಹನಿ ಚಿಮಣಿ ಎಣ್ಣೆ ಹಾಕಿ ಮೆಲ್ಲಗೆ ಒರೆಸಬೇಕು, ಉಜ್ಜಬಾರದು, ಅಷ್ಟೇ. ನಲವತ್ತು ವರ್ಷ ಮಾಡಿದೆ, ಯಾರಿಗೂ ಕಲಿಸಲಿಲ್ಲ. ಮುಟ್ಟಬೇಡಿ ಅಂತ ಗದರಿಸಿದ್ದೇ ಬಂತು.

ಮೃಣ್ಮಯಿ ತಂದದ್ದು ಹುಣಸೆಹಣ್ಣು, ಬೂದಿ, ತೆಂಗಿನ ನಾರು. ದೇವರ ತಂಬಿಗೆ, ಆರತಿ ತಟ್ಟೆ ಎಲ್ಲ ಅದರಿಂದಲೇ ಫಳಫಳ ಅನ್ನಿಸುವವಳು, ಕತ್ತಿಗೂ ಅದೇ ಸರಿ ಅಂದುಕೊಂಡಿರಬೇಕು. ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ಕಿವುಚಿ, ಮೇಣದ ಮೇಲೆಯೇ ಸುರಿದು, ಬೂದಿ ಹಾಕಿ, ಬಳ್ಳಿಯ ಬದಿಯನ್ನು ತಿಕ್ಕತೊಡಗಿದಳು.

ನಾನು ಕೈ ಎತ್ತಿದೆ.

"ನೀರ ಬೇಕೇನ್ರಿ, ಮಾವಾರ?" ಅಂದಳು. ಚಮಚದಿಂದ ಕುಡಿಸಿದಳು. ಮತ್ತೆ ಎತ್ತಿದೆ. ಹೊದಿಕೆ ಸರಿ ಮಾಡಿದಳು. ನನ್ನ ಗಂಟಲಿನಿಂದ ಗೊರಗೊರ ಸದ್ದು ಹೊರಟಿತು, ಮಾತಾಗಲಿಲ್ಲ. ಅವಳಿಗೆ ಬೈಯಬೇಕೆಂದರೆ ಮನಸ್ಸು ಬರಲೊಲ್ಲದು. ಒಂಬತ್ತು ತಿಂಗಳಿಂದ ಬೇಸರವಿಲ್ಲದೆ ನನ್ನ ಮೈ ತೊಳೆಯುತ್ತಿರುವ ಕೈ ಅದು.

ತೊಳೆದು ಎತ್ತಿ ತೋರಿಸಿದಳು. ಉಕ್ಕು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಳ್ಳಿ ಇರಲಿಲ್ಲ, ಮೇಣದ ಜೊತೆಗೇ ಹೋಗಿತ್ತು. ಅಲ್ಲೊಂದು ಬಳ್ಳಿ ಇತ್ತೆಂದು ಅವಳಿಗೆ ಗೊತ್ತೂ ಆಗಲಿಲ್ಲ.

ಕತ್ತಿ ಮಗುಚಿ ಬಿಸಿನೀರು ಸುರಿದಳು. ಮೇಣ ಸ್ವಲ್ಪ ಕರಗಿ, ಅದರಡಿಯಲ್ಲಿ ಬಂಗಾರದ ಬಣ್ಣ ಇಣುಕಿತು. ಅವಳು ಬಗ್ಗಿ ನೋಡಿದಳು. ಮುಖ ಅರಳಿತು.

"ಮಾವಾರ, ಇಲ್ಲೆ ಏನೋ ಬರದಾರ್ರಿ. ನಿಮ್ಮ ಅಜ್ಜಾರ ಹೆಸರ ಇರಬೇಕು. ತಡೀರಿ, ಛಲೋತ್ನಂಗ ತಿಕ್ಕಿ ಓದಿ ಹೇಳ್ತೀನಿ."

ನಾರಿಗೆ ಇನ್ನಷ್ಟು ಬೂದಿ ಹಚ್ಚಿಕೊಂಡಳು.